ನೇಗಿಲ ಹಿಡಿಯ ರಿವಾಲ್ವರ್, ಹರಿಹರದ ಲೇತ್

ದೀಪಾವಳಿ ಹತ್ತಿರ ಬಂತೆಂದರೆ ದಾವಣಗೆರೆಯ ಅಂಗಡಿಗಳ ಮುಂದೆ ಮಕ್ಕಳ ಕೇಪ್ ಪಿಸ್ತೂಲುಗಳು ನೇತಾಡುತ್ತವೆ. ಅವುಗಳಲ್ಲಿ ಒಂದು ಮಾದರಿ ಎಲ್ಲರಿಗೂ ಗೊತ್ತು. ಮುಂದೆ ಉದ್ದನೆಯ ನಳಿಗೆ, ನಡುವೆ ದುಂಡನೆಯ ಗುಂಡಿನ ಮನೆ, ಹಿಂದೆ ಕೆಳಕ್ಕೆ ಬಾಗಿದ ಹಿಡಿ. ಕುದುರೆ ಸವಾರರ ಇಂಗ್ಲಿಷ್ ಸಿನಿಮಾ ನೋಡಿದವರಿಗಂತೂ ಬಿಡಿಸಿ ಹೇಳಬೇಕಿಲ್ಲ. ಸೊಂಟದಲ್ಲಿ ತೂಗುವ ರಿವಾಲ್ವರ್ ಅಂದರೆ ಇದೇ.

ಈ ಚಹರೆಯ ಮೂಲ ಅಮೆರಿಕದ್ದು, 1873ರದ್ದು. ಆದರೆ ಇವತ್ತು ಜಗತ್ತಿನಲ್ಲಿ ಹೊಸದಾಗಿ ತಯಾರಾಗುವ ಈ ಮಾದರಿಯ ರಿವಾಲ್ವರ್‌ಗಳಲ್ಲಿ ಬಹಳಷ್ಟು ಇಟಲಿಯ ಒಂದು ಸಣ್ಣ ಕಣಿವೆಯಿಂದ ಬರುತ್ತವೆ. ಅಮೆರಿಕದವರೇ ತಮ್ಮ ಅಜ್ಜಂದಿರ ಕಾಲದ ರಿವಾಲ್ವರ್ ಬೇಕೆಂದಾಗ ಇಟಲಿಯಲ್ಲಿ ಮಾಡಿದ ಪಡಿಯಚ್ಚನ್ನು ಕೊಳ್ಳುತ್ತಾರೆ.

ಇದನ್ನು ನಾವು ಇಲ್ಲಿ ಯಾಕೆ ಬರೆಯುತ್ತಿದ್ದೇವೆ ಎಂದು ನೀವು ಕೇಳಬಹುದು. ಎರಡು ಕಾರಣಗಳಿವೆ. ಈ ರಿವಾಲ್ವರ್‌ನ ಹಿಡಿಗೆ ಅಮೆರಿಕದಲ್ಲಿ ಬಿದ್ದ ಹೆಸರು 'ನೇಗಿಲ ಹಿಡಿ'. ಅದು ಮೊದಲನೆಯದು. ಇಂಥ ವಸ್ತುವನ್ನು ಮಾಡಲು ಬೇಕಾದದ್ದು ಲೇತ್, ಮಿಲ್ಲಿಂಗ್ ಮಷೀನು, ಅರ ಹಿಡಿಯುವ ಪಳಗಿದ ಕೈ. ಅದು ಒಂದು ಕಾಲಕ್ಕೆ ನಮ್ಮ ಹರಿಹರದಲ್ಲಿ ಬೇಕಾದಷ್ಟಿತ್ತು. ಅದು ಎರಡನೆಯದು. ಬಂದೂಕಿನ ಮೇಲಿನ ಮೋಹದಿಂದ ನಾವು ಇದನ್ನು ಬರೆಯುತ್ತಿಲ್ಲ. ಒಂದು ಊರಿನ ಕೈಕಸುಬು ಹೇಗೆ ಉಳಿಯುತ್ತದೆ, ಹೇಗೆ ಹೋಗುತ್ತದೆ ಎಂಬುದು ಈ ಸಣ್ಣ ಹಿಡಿಯ ಕಥೆಯಲ್ಲಿ ಚೆನ್ನಾಗಿ ಕಾಣುತ್ತದೆ.

ಸಿಂಗಲ್ ಆ್ಯಕ್ಷನ್ ಅಂದರೇನು?

ರಿವಾಲ್ವರ್‌ನ ಹಿಂಭಾಗದಲ್ಲಿ ಸಣ್ಣ ಸುತ್ತಿಗೆಯಂಥ ಭಾಗವಿರುತ್ತದೆ. ಅದನ್ನು ಹ್ಯಾಮರ್ ಎನ್ನುತ್ತಾರೆ. ಸಿಂಗಲ್ ಆ್ಯಕ್ಷನ್‌ನಲ್ಲಿ ಪ್ರತಿ ಸಲವೂ ಹೆಬ್ಬೆರಳಿನಿಂದ ಆ ಹ್ಯಾಮರನ್ನು ಹಿಂದಕ್ಕೆ ಎಳೆಯಬೇಕು. ಎಳೆದಾಗ ಗುಂಡಿನ ಸಿಲಿಂಡರು ಒಂದು ಮನೆಯಷ್ಟು ತಿರುಗಿ ನಿಲ್ಲುತ್ತದೆ. ಆಮೇಲೆ ಟ್ರಿಗರ್ ಒತ್ತಿದರೆ ಹ್ಯಾಮರ್ ಬೀಳುತ್ತದೆ. ಟ್ರಿಗರ್‌ಗೆ ಇರುವುದು ಅದೊಂದೇ ಕೆಲಸ. ಅದಕ್ಕೇ ಸಿಂಗಲ್ ಆ್ಯಕ್ಷನ್. ಡಬಲ್ ಆ್ಯಕ್ಷನ್‌ನಲ್ಲಿ ಟ್ರಿಗರ್ ಒತ್ತಿದರೆ ಸಾಕು, ಎಳೆಯುವುದೂ ಬಿಡುವುದೂ ಅದೇ ಮಾಡುತ್ತದೆ. ಪೊಲೀಸರ ಬಳಿ ಕಾಣುತ್ತಿದ್ದ ರಿವಾಲ್ವರ್‌ಗಳು ಡಬಲ್ ಆ್ಯಕ್ಷನ್‌ನವು.

ಸ್ಯಾಮ್ಯುಯೆಲ್ ಕೋಲ್ಟ್ ಎಂಬಾತ ಅಮೆರಿಕದಲ್ಲಿ 1836ರಲ್ಲಿ ತಿರುಗುವ ಸಿಲಿಂಡರಿನ ಬಂದೂಕಿಗೆ ಪೇಟೆಂಟ್ ಪಡೆದ. ಅವನ ಕಂಪನಿಯ ಮೂರು ಮಾದರಿಗಳು ನಮ್ಮ ಕಥೆಗೆ ಬೇಕು. 1851ರ ನೇವಿ, 1860ರ ಆರ್ಮಿ, 1873ರ ಸಿಂಗಲ್ ಆ್ಯಕ್ಷನ್ ಆರ್ಮಿ. ಮೊದಲ ಎರಡಕ್ಕೂ ಈಗಿನಂತೆ ತೋಟೆ ಇರಲಿಲ್ಲ. ಮದ್ದು ಸುರಿದು, ಸೀಸದ ಗುಂಡು ಒತ್ತಿ, ಹಿಂದೆ ಕೇಪು ಸಿಕ್ಕಿಸಬೇಕಿತ್ತು. ಮಲೆನಾಡಿನ ಕೇಪಿನ ಕೋವಿ ಕಂಡವರಿಗೆ ಆ ಕೆಲಸ ತಟ್ಟನೆ ಅರ್ಥವಾಗುತ್ತದೆ. 1873ರದ್ದು ತೋಟೆಯ ರಿವಾಲ್ವರ್. ಅದನ್ನು ಅಮೆರಿಕದ ಸೈನ್ಯ ತೆಗೆದುಕೊಂಡಿತು, ಜೊತೆಗೆ ದನ ಕಾಯುವವರೂ ತೆಗೆದುಕೊಂಡರು. 1940ರ ಹೊತ್ತಿಗೆ ಕಂಪನಿ ಅದನ್ನು ನಿಲ್ಲಿಸುವಷ್ಟರಲ್ಲಿ ಸುಮಾರು 3,57,000 ತಯಾರಾಗಿದ್ದವು.

ಹಿಡಿಯೊಳಗಿನ ಅಸ್ಥಿ

ರಿವಾಲ್ವರ್‌ನ ಹಿಡಿ ಹೊರಗಿನಿಂದ ಮರದ್ದಾಗಿ ಕಾಣುತ್ತದೆ. ಮರ ಬರೀ ಮೈ. ಒಳಗೆ ಲೋಹದ ಅಸ್ಥಿ ಇದೆ. ಅದನ್ನೇ ಗ್ರಿಪ್ ಫ್ರೇಮ್ ಎನ್ನುತ್ತಾರೆ. ಕೋಲ್ಟ್ ಮಾದರಿಯಲ್ಲಿ ಅದು ಎರಡು ತುಂಡು. ಒಂದು ತುಂಡು ಹ್ಯಾಮರ್‌ನ ಕೆಳಗಿನಿಂದ ಅಂಗೈಗೆ ತಾಗಿಕೊಂಡು ಹಿಡಿಯ ತಳದವರೆಗೆ ಇಳಿಯುತ್ತದೆ. ಅದು ಬೆನ್ನುಪಟ್ಟಿ. ಇನ್ನೊಂದು ತುಂಡು ಟ್ರಿಗರನ್ನು ಸುತ್ತುವರಿದು, ಬೆರಳು ಹಿಡಿಯುವ ಮುಂಭಾಗವಾಗಿ ಕೆಳಗಿಳಿದು, ಬೆನ್ನುಪಟ್ಟಿಯನ್ನು ಸೇರುತ್ತದೆ. ಅದು ಟ್ರಿಗರ್ ಗಾರ್ಡ್. ಒಟ್ಟು ಆರು ಸ್ಕ್ರೂ ಇವೆರಡನ್ನು ಕೂಡಿಸಿ ರಿವಾಲ್ವರ್‌ನ ದೇಹಕ್ಕೆ ಬಿಗಿಯುತ್ತವೆ. ಹ್ಯಾಮರ್‌ಗೆ ಬಲ ಕೊಡುವ ಪಟ್ಟಿ ಸ್ಪ್ರಿಂಗ್ ಕೂಡ ಈ ಹಿಡಿಯೊಳಗೇ, ಟ್ರಿಗರ್ ಗಾರ್ಡಿನ ಪಟ್ಟಿಗೆ ಒಂದು ಸ್ಕ್ರೂ ಹಾಕಿಸಿಕೊಂಡು ಕೂತಿರುತ್ತದೆ.

1851ರ ನೇವಿಯಲ್ಲಿ ಈ ಎರಡು ತುಂಡುಗಳು ಸಾಮಾನ್ಯವಾಗಿ ಹಿತ್ತಾಳೆಯವು. 1860ರ ಆರ್ಮಿಗೆ ಹಿಡಿಯನ್ನು ಸ್ವಲ್ಪ ಉದ್ದ ಮಾಡಿದರು, ಬೆನ್ನುಪಟ್ಟಿಯನ್ನು ಕಬ್ಬಿಣದ್ದು ಮಾಡಿದರು. 1873ರಲ್ಲಿ ಹೊಸ ರಿವಾಲ್ವರ್ ಮಾಡಿದಾಗ ನಳಿಗೆ, ಸಿಲಿಂಡರು, ದೇಹ ಎಲ್ಲವನ್ನೂ ಬದಲಿಸಿದ ಕಂಪನಿ ಹಿಡಿಯ ವಿಷಯಕ್ಕೆ ಬಂದಾಗ ಹಿಂದಕ್ಕೆ ಹೋಯಿತು. 1851ರ ನೇವಿಯ ಅಳತೆಯನ್ನೇ ಹೆಚ್ಚುಕಡಿಮೆ ಹಾಗೇ ಇಟ್ಟುಕೊಂಡಿತು. ಎಲ್ಲವನ್ನೂ ಬದಲಿಸಿದವರು ಕೈಗೆ ಒಗ್ಗಿದ್ದನ್ನು ಮಾತ್ರ ಮುಟ್ಟಲಿಲ್ಲ.

ಅಮೆರಿಕದ ಹಳೆಯ ನೇಗಿಲಿಗೆ ಹಿಂದೆ ಎರಡು ಬಾಗಿದ ಹಿಡಿಗಳಿರುತ್ತಿದ್ದವು. ಈ ರಿವಾಲ್ವರ್‌ನ ಹಿಡಿಯ ಬಾಗು ಅದನ್ನೇ ಹೋಲುತ್ತಿತ್ತು. ಹಾಗಾಗಿ ಅದಕ್ಕೆ ನೇಗಿಲ ಹಿಡಿ ಎಂಬ ಹೆಸರು ಬಂತು. ನಮ್ಮಲ್ಲಿ ಮೇಳಿ ಹಿಡಿದವರಿಗೆ ಇದರ ಗುಟ್ಟು ಹೇಳಬೇಕಿಲ್ಲ. ನೇಗಿಲ ಕುಳ ಕಲ್ಲಿಗೆ ತಗುಲಿದಾಗ ಮೇಳಿ ಕೈಯಲ್ಲಿ ಸ್ವಲ್ಪ ಜಾರಿಕೊಳ್ಳಬೇಕು. ಬಿಗಿಯಾಗಿ ಎದುರು ನಿಂತರೆ ಮಣಿಕಟ್ಟಿಗೆ ಪೆಟ್ಟು. ರಿವಾಲ್ವರ್‌ನಲ್ಲೂ ಅಷ್ಟೇ. ಗುಂಡು ಹಾರಿದಾಗ ಬರುವ ಹಿನ್ನೊದೆತಕ್ಕೆ ಈ ಬಾಗಿದ ಹಿಡಿ ಅಂಗೈಯಲ್ಲಿ ಮೇಲಕ್ಕೆ ಉರುಳುತ್ತದೆ. ಒದೆತ ನೇರವಾಗಿ ಮಣಿಕಟ್ಟಿಗೆ ಬೀಳುವುದಿಲ್ಲ. ಉರುಳಿದ ಮೇಲೆ ಹ್ಯಾಮರ್ ಹೆಬ್ಬೆರಳಿನ ಹತ್ತಿರಕ್ಕೇ ಬಂದಿರುತ್ತದೆ, ಮತ್ತೆ ಎಳೆಯುವುದು ಸಲೀಸು.

ಪಡಿಯಚ್ಚು ಹುಟ್ಟಿದ ಬಗೆ

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಟಿವಿ ಬಂತು. ಟಿವಿಯಲ್ಲಿ ಕೌಬಾಯ್ ಧಾರಾವಾಹಿಗಳು ಬಂದವು. ಜನರಿಗೆ ಆ ಹಳೆಯ ರಿವಾಲ್ವರ್ ಬೇಕಾಯಿತು, ಆದರೆ ಕೋಲ್ಟ್ ಅದನ್ನು ಮಾಡುವುದನ್ನೇ ಬಿಟ್ಟಿತ್ತು. 1953ರಲ್ಲಿ ರೂಗರ್ ಎಂಬ ಅಮೆರಿಕದ ಇನ್ನೊಂದು ಕಂಪನಿ ಸಿಂಗಲ್ ಆ್ಯಕ್ಷನ್ ರಿವಾಲ್ವರ್ ತಂದಿತು. ಅದು ಎರಡು ತುಂಡಿನ ಹಿಡಿಯ ಬದಲು ಒಂದೇ ತುಂಡಿನ ಗ್ರಿಪ್ ಫ್ರೇಮ್ ಎರಕ ಹೊಯ್ದು ಹಾಕಿತು. ಒಳಗೆ ಹೊಸ ತಂತ್ರ, ಹೊರಗೆ ಅದೇ ಹಳೆಯ ಬಾಗು. ಕೋಲ್ಟ್ ಕೂಡ 1956ರ ಹೊತ್ತಿಗೆ ಮತ್ತೆ ತಯಾರಿಕೆ ಶುರು ಮಾಡಿತು.

ಅಷ್ಟರಲ್ಲಿ ಇನ್ನೊಂದು ಸಂದರ್ಭ ಒದಗಿತು. ಅಮೆರಿಕದ ಒಳಯುದ್ಧ ನಡೆದದ್ದು 1861ರಿಂದ 1865ರವರೆಗೆ. ಅದರ ನೂರನೇ ವರ್ಷ ಹತ್ತಿರವಾಗುತ್ತಿದ್ದಂತೆ ಆ ಕಾಲದ ಯುದ್ಧವನ್ನು ಮೈದಾನದಲ್ಲಿ ಆಡಿ ತೋರಿಸುವವರು, ಹಳೆಯ ಮದ್ದಿನ ಬಂದೂಕಿನಲ್ಲಿ ಗುರಿ ಹೊಡೆಯುವವರು ಹೆಚ್ಚಾದರು. ಅಸಲಿ ರಿವಾಲ್ವರ್ ನೂರು ವರ್ಷ ಹಳೆಯದು. ದುಬಾರಿ, ಹೊಡೆದರೆ ಒಡೆಯುವ ಭಯ. ಹಾಗಾಗಿ 1950ರ ದಶಕದ ಕೊನೆಯಲ್ಲಿ ಅಮೆರಿಕದ ವ್ಯಾಪಾರಿ ವಾಲ್ ಫೋರ್ಗೆಟ್ ಇಟಲಿಯ ಬಂದೂಕು ಕಸುಬುದಾರರನ್ನು ಹುಡುಕಿಕೊಂಡು ಹೋದರು. 1851ರ ನೇವಿಯ ಪಡಿಯಚ್ಚು ಮಾಡಿಕೊಡಿ ಎಂದರು.

ಗಾರ್ದೋನೆ ಎಂಬ ಊರಿನಲ್ಲಿ ಆಲ್ದೋ ಊಬೆರ್ತಿ ಎಂಬ ಕಸುಬುದಾರರು 1959ರಲ್ಲಿ ತಮ್ಮದೇ ಕಾರ್ಖಾನೆ ತೆರೆದದ್ದು ಈ ಹೊತ್ತಿನಲ್ಲಿ. ಅದಕ್ಕೂ ಮೊದಲು ಅವರು ಅದೇ ಊರಿನ ಬೆರೆತ್ತಾ ಕಂಪನಿಯಲ್ಲಿ ಕೆಲಸ ಕಲಿತವರು. ಪಕ್ಕದ ಗುಸ್ಸಾಗೋದಲ್ಲಿ ಪಿಯೆತ್ತಾ ಎಂಬ ಮನೆತನ ಇದೇ ದಾರಿ ಹಿಡಿಯಿತು. ಜರ್ಮನಿ, ಸ್ವಿಟ್ಜರ್ಲೆಂಡಿನ ಕೆಲವು ಕಂಪನಿಗಳೂ 1873ರ ಮಾದರಿಯನ್ನು ಮಾಡಿ ಅಮೆರಿಕಕ್ಕೆ ಕಳಿಸಿದವು. ಆದರೆ ದೊಡ್ಡ ಪ್ರಮಾಣದಲ್ಲಿ ಬೇರು ಬಿಟ್ಟದ್ದು ಇಟಲಿಯಲ್ಲೇ. 1960ರ ದಶಕದಲ್ಲಿ ಇಟಲಿಯವರೇ ಕೌಬಾಯ್ ಸಿನಿಮಾ ತೆಗೆಯಲು ಶುರು ಮಾಡಿದಾಗ ಈ ಕಸುಬಿಗೆ ಇನ್ನಷ್ಟು ಹೆಸರು ಬಂತು.

ಇದರಲ್ಲಿ ಒಂದು ತಮಾಷೆಯ ತಿರುವು ಇದೆ. 1970ರ ದಶಕದಲ್ಲಿ ಕೋಲ್ಟ್ ಕಂಪನಿ ತನ್ನದೇ 1851ರ ನೇವಿಯನ್ನು ಮತ್ತೆ ಮಾರುಕಟ್ಟೆಗೆ ತಂದಾಗ ಅದಕ್ಕೆ ಬೇಕಾದ ಒರಟು ಬಿಡಿಭಾಗಗಳು ಇಟಲಿಯಿಂದಲೇ ಬಂದವು. ಅಸಲಿನ ಮನೆಯವರೇ ಪಡಿಯಚ್ಚಿನ ಮನೆಗೆ ಹೋದ ಹಾಗಾಯಿತು. ಕೈಕೆಲಸ ಎಲ್ಲಿದೆಯೋ ಕೆಲಸವೂ ಅಲ್ಲಿಗೇ ಹೋಗುತ್ತದೆ.

ಕಬ್ಬಿಣದ ಕಣಿವೆ

ಗಾರ್ದೋನೆ ಇರುವುದು ವಾಲ್ ತ್ರೋಂಪಿಯಾ ಎಂಬ ಕಣಿವೆಯಲ್ಲಿ, ಬ್ರೆಶಿಯಾ ಪಟ್ಟಣದ ಉತ್ತರಕ್ಕೆ. ಮೆಲ್ಲಾ ಎಂಬ ಹೊಳೆ ಆ ಕಣಿವೆಯಲ್ಲಿ ಹರಿಯುತ್ತದೆ. ಬೆಟ್ಟದಲ್ಲಿ ಕಬ್ಬಿಣದ ಅದಿರು, ಕಾಡಿನಲ್ಲಿ ಇದ್ದಿಲು, ಸುತ್ತಿಗೆ ಎತ್ತಿ ಇಳಿಸಲು ಹೊಳೆಯ ನೀರಿನ ಬಲ. ಮೂರೂ ಒಂದೇ ಕಡೆ ಸಿಕ್ಕಿದ್ದರಿಂದ ಅಲ್ಲಿ ಕಮ್ಮಾರಿಕೆ ಬೆಳೆಯಿತು. 1526ರಲ್ಲಿ ವೆನಿಸ್ ಸರ್ಕಾರ 185 ಬಂದೂಕಿನ ನಳಿಗೆಗಳಿಗಾಗಿ ಅಲ್ಲಿನ ಬಾರ್ತೊಲೊಮಿಯೊ ಬೆರೆತ್ತಾ ಎಂಬ ಕಸುಬುದಾರನಿಗೆ ಹಣ ಕೊಟ್ಟ ಲೆಕ್ಕಪತ್ರ ಈಗಲೂ ಇದೆ. ಅದೇ ಮನೆತನದ ಕಂಪನಿ ಇವತ್ತೂ ಅದೇ ಊರಿನಲ್ಲಿದೆ. ಊಬೆರ್ತಿಯವರ ಕಾರ್ಖಾನೆಯೂ ಈಗ ಅದೇ ಬಳಗಕ್ಕೆ ಸೇರಿದೆ.

ಲೆಕ್ಕ ಹಾಕಿ. ನಮ್ಮಲ್ಲಿ ವಿಜಯನಗರದ ಕೃಷ್ಣದೇವರಾಯ ಆಳುತ್ತಿದ್ದ ಕಾಲದಿಂದ ಇಂದಿನವರೆಗೆ ಆ ಕಣಿವೆಯಲ್ಲಿ ಒಂದೇ ಕಸುಬು ತಲೆಯಿಂದ ತಲೆಗೆ ಇಳಿದು ಬಂದಿದೆ.

ನಕಲಿಯೋ, ಪಡಿಯಚ್ಚೋ?

ನಕಲು ಅಂದರೆ ನಮ್ಮಲ್ಲಿ ಕೆಟ್ಟ ಮಾತು. ನಕಲಿ ಬೀಜ, ನಕಲಿ ಗೊಬ್ಬರ, ನಕಲಿ ನೋಟು. ಈ ಇಟಲಿ ರಿವಾಲ್ವರ್‌ಗಳನ್ನು ಆ ಸಾಲಿಗೆ ಸೇರಿಸಲಾಗದು. ಕೋಲ್ಟ್‌ನ ಪೇಟೆಂಟ್‌ಗಳ ಅವಧಿ ಎಂದೋ ಮುಗಿದಿತ್ತು. ಮಾಡಿದವರು ತಮ್ಮ ಹೆಸರನ್ನೂ ಇಟಲಿಯ ಹೆಸರನ್ನೂ ನಳಿಗೆಯ ಮೇಲೆ ಹೊಡೆಯುತ್ತಾರೆ, ಕೋಲ್ಟ್ ಎಂದು ಸುಳ್ಳು ಹೇಳುವುದಿಲ್ಲ.

ಅದಕ್ಕಿಂತ ದೊಡ್ಡ ಕಟ್ಟುಪಾಡು ಇನ್ನೊಂದಿದೆ. ಗಾರ್ದೋನೆಯಲ್ಲಿ 1910ರಿಂದ ಬಂದೂಕು ಪರೀಕ್ಷೆಯ ಕೇಂದ್ರ ಇದೆ. ಅಲ್ಲಿ ತಯಾರಾದ ಪ್ರತಿ ಬಂದೂಕೂ ಅಂಗಡಿಗೆ ಹೋಗುವ ಮೊದಲು ಆ ಕೇಂದ್ರಕ್ಕೆ ಹೋಗಬೇಕು. ಮಾಮೂಲಿಗಿಂತ ಹೆಚ್ಚು ಒತ್ತಡದ ಮದ್ದು ತುಂಬಿ ಹಾರಿಸುತ್ತಾರೆ. ತಡೆದರೆ ಮುದ್ರೆ, ಇಲ್ಲದಿದ್ದರೆ ಇಲ್ಲ. ಕಪ್ಪು ಮದ್ದಿನವಕ್ಕೆ ಪಿ ಮತ್ತು ಎನ್ ಎಂಬ ಎರಡು ಅಕ್ಷರದ ಮುದ್ರೆ. ಇಟಾಲಿಯನ್ ಭಾಷೆಯಲ್ಲಿ ಕಪ್ಪು ಮದ್ದು ಎಂಬುದರ ಮೊದಲಕ್ಷರಗಳು ಅವು. ಜೊತೆಗೆ ಪರೀಕ್ಷೆಯಾದ ವರ್ಷವನ್ನು ಸಂಕೇತದಲ್ಲಿ ಒಂದು ಸಣ್ಣ ಚೌಕದೊಳಗೆ ಹೊಡೆಯುತ್ತಾರೆ. ಆ ಚೌಕ ನೋಡಿದರೆ ರಿವಾಲ್ವರ್ ಯಾವ ವರ್ಷದ್ದೆಂದು ತಿಳಿದವರು ಹೇಳಬಲ್ಲರು.

ಹೆಸರು ಮುಚ್ಚಿಡುವುದು ನಕಲಿ. ಹೆಸರು ಹೊಡೆದು, ಪರೀಕ್ಷೆಗೆ ಒಡ್ಡಿ, ಹಳೆಯದನ್ನು ಹಳೆಯ ಹಾಗೆ ಮಾಡಿಕೊಡುವುದು ಪಡಿಯಚ್ಚು. ದೇವಸ್ಥಾನದ ಉತ್ಸವ ಮೂರ್ತಿಯ ಹಾಗೆ. ಅದು ಮೂಲ ಮೂರ್ತಿಯಲ್ಲ ಎಂದು ಎಲ್ಲರಿಗೂ ಗೊತ್ತಿರುತ್ತದೆ, ಅದರಿಂದ ಅದರ ಬೆಲೆ ಕಡಿಮೆಯಾಗುವುದಿಲ್ಲ.

ಆರು ಸ್ಕ್ರೂಗಳ ಪರೀಕ್ಷೆ

ಪಡಿಯಚ್ಚು ಎಷ್ಟು ನಿಕಟ ಎಂಬುದು ಗೊತ್ತಾಗುವುದು ಗ್ರಿಪ್ ಫ್ರೇಮಿನಲ್ಲಿ. ನಳಿಗೆ ದೂರದಿಂದ ಒಂದೇ ಥರ ಕಾಣುತ್ತದೆ. ಹಿಡಿಯನ್ನು ಕಣ್ಣಿಗಿಂತ ಮೊದಲು ಕೈ ಪತ್ತೆ ಮಾಡುತ್ತದೆ. ಬಾಗು ಒಂದು ಕೂದಲೆಳೆ ಬೇರೆಯಾದರೂ ಬಳಸಿದವನಿಗೆ ತಿಳಿಯುತ್ತದೆ. ಪಿಯೆತ್ತಾದವರ ಹಳೆಯ 1851ರ ಪಡಿಯಚ್ಚುಗಳಲ್ಲಿ ಹಿಡಿಯ ಆಕಾರ ಮೂಲಕ್ಕಿಂತ ಸ್ವಲ್ಪ ಬೇರೆ ಇತ್ತು. ಬಳಸುವವರು ಅದನ್ನು ಗುರುತಿಸಿ ಹೇಳುತ್ತಲೇ ಇದ್ದರು. ಮುಂದೆ ಬಂದವುಗಳಲ್ಲಿ ಅದು ಮೂಲಕ್ಕೆ ಹತ್ತಿರವಾಯಿತು.

ಒಂದು ಕಂಪನಿಯ ಹಿಡಿಯನ್ನು ಇನ್ನೊಂದಕ್ಕೆ ಹಾಕಬಹುದೇ ಎಂಬುದು ಈ ಹವ್ಯಾಸದವರ ಹಳೆಯ ಪ್ರಶ್ನೆ. ದೊಡ್ಡ ಕೈಯವರಿಗೆ 1873ರ ಹಿಡಿ ಗಿಡ್ಡ, ಕಿರುಬೆರಳು ಹೊರಗುಳಿಯುತ್ತದೆ. ಅವರು 1860ರ ಮಾದರಿಯ ಉದ್ದ ಬೆನ್ನುಪಟ್ಟಿ ಮತ್ತು ಗಾರ್ಡ್ ತಂದು ಹಾಕಿಕೊಳ್ಳುತ್ತಾರೆ. ಒಂದೇ ಕಂಪನಿಯದಾದರೆ ಸ್ವಲ್ಪ ಅರ ಹಾಕಿದರೆ ಕೂರುತ್ತದೆ. ಬೇರೆ ಕಂಪನಿಯದಾದರೆ ತೂತುಗಳು ನೇರಕ್ಕೆ ಬರುವುದಿಲ್ಲ. ಅಮೆರಿಕದ ಅಸಲಿಗೂ ಇಟಲಿಯ ಪಡಿಯಚ್ಚಿಗೂ ಇನ್ನೊಂದು ಜಗಳ. ಅಸಲಿಯದು ಇಂಚಿನ ಥ್ರೆಡ್, ಇಟಲಿಯದು ಮಿಲಿಮೀಟರಿನ ಥ್ರೆಡ್. ಒಂದರ ಸ್ಕ್ರೂ ಇನ್ನೊಂದಕ್ಕೆ ಬಲವಂತವಾಗಿ ಹಾಕಿದರೆ ಮರೆಯೇ ಹರಿದುಹೋಗುತ್ತದೆ.

ಫಿಟ್ಟರ್ ಕೆಲಸ ಬಲ್ಲವರು ಇದನ್ನು ಓದಿ ನಗಬಹುದು. ನಮ್ಮ ದೇಶ 1956ರ ಕಾನೂನಿನ ನಂತರ ಇಂಚು ಬಿಟ್ಟು ಮೆಟ್ರಿಕ್‌ಗೆ ಬಂದಾಗ ಪ್ರತಿ ವರ್ಕ್‌ಶಾಪಿನಲ್ಲೂ ಇದೇ ಗೋಳು. ಹಳೆ ಪಂಪ್‌ಸೆಟ್ಟಿಗೆ ಹೊಸ ಬೋಲ್ಟ್ ಕೂರುವುದಿಲ್ಲ ಎಂದು ಊರಿಂದ ದಾವಣಗೆರೆಗೆ ಬಸ್ ಹತ್ತಿದವರು ಎಷ್ಟೋ ಜನ.

ಮರದ ಕಥೆಯೂ ಅಷ್ಟೇ. ಕಾರ್ಖಾನೆಯಲ್ಲಿ ಮರವನ್ನು ಫ್ರೇಮಿಗೆ ಕೂರಿಸಿ ಎರಡನ್ನೂ ಒಟ್ಟಿಗೇ ಉಜ್ಜಿ ನಯ ಮಾಡುತ್ತಾರೆ. ಹಾಗಾಗಿ ಆ ಮರ ಆ ಫ್ರೇಮಿಗೇ ಸರಿ. ಇನ್ನೊಂದಕ್ಕೆ ಹಾಕಿದರೆ ಎಲ್ಲೋ ಒಂದು ಕಡೆ ಅಂಚು ಎದ್ದು ಅಂಗೈಗೆ ಚುಚ್ಚುತ್ತದೆ. ನಮ್ಮ ಬಡಗಿ ಕೊಡಲಿಗೆ ಕಾವು ಹಾಕುವಾಗ ಕೊಡಲಿಯ ಕಣ್ಣು ನೋಡಿಯೇ ಕೆತ್ತುತ್ತಾನೆ. ಅಂಗಡಿಯ ಕಾವು ತಂದರೆ ಬೆಣೆ ಹೊಡೆಯಬೇಕು. ಯಂತ್ರ ಎಷ್ಟೇ ಮುಂದುವರಿದರೂ ಕೊನೆಯ ಕೂದಲೆಳೆಯನ್ನು ಕೈಯೇ ತೆಗೆಯಬೇಕು.

ನಮ್ಮಲ್ಲೂ ಪಡಿಯಚ್ಚು ಮಾಡಿದ್ದರು

ಹಾಗಾದರೆ ಈ ವಿದ್ಯೆ ನಮ್ಮ ನಾಡಿಗೆ ಹೊಸದೇ? ಅಲ್ಲ. ಹೈದರಾಲಿ 1763ರಲ್ಲಿ ಬಿದನೂರು ಗೆದ್ದಾಗ ಹರಿಹರವೂ ಅವನ ಕೈಗೆ ಬಂತು. ಅವನ ಮಗ ಟಿಪ್ಪು ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರಗಳಲ್ಲಿ ಆಯುಧ ತಯಾರಿಸುವ ಕಾರ್ಖಾನೆಗಳನ್ನು ನಡೆಸಿದ. 1788ರಲ್ಲಿ ಪ್ಯಾರಿಸ್‌ಗೆ ಹೋದ ಅವನ ರಾಯಭಾರಿಗಳು ಫ್ರಾನ್ಸಿನ ರಾಜನಲ್ಲಿ ಕೇಳಿದ್ದರಲ್ಲಿ ಕುಶಲ ಕಸುಬುದಾರರೂ ಸೇರಿದ್ದರು. ಯುರೋಪಿನ ಬಂದೂಕಿನ ಮಾದರಿ ನೋಡಿಕೊಂಡು ಇಲ್ಲಿನವರು ಬಂದೂಕು ಮಾಡಿದರು, ಮೇಲೆ ಟಿಪ್ಪುವಿನ ಹುಲಿಪಟ್ಟೆಯ ಗುರುತು ಹಾಕಿದರು. ಅದೂ ಹೆಸರು ಹೊಡೆದ ಪಡಿಯಚ್ಚೇ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಆ ಕಾರ್ಖಾನೆಗಳೂ ಹೋದವು. ಹರಿಹರದ ಹತ್ತಿರವೇ ಬ್ರಿಟಿಷರ ದಂಡು ಬಂದು ಕೂತಿತು. 1865ರವರೆಗೆ ಒಂದು ಪಡೆ ಅಲ್ಲಿತ್ತು.

1857ರ ದಂಗೆಯ ಕಾಲಕ್ಕೆ ಬ್ರಿಟಿಷ್ ಅಧಿಕಾರಿಗಳ ಸೊಂಟದಲ್ಲಿ ಕೋಲ್ಟ್ ನೇವಿ ರಿವಾಲ್ವರ್‌ಗಳೂ ಇದ್ದವು. ಕೋಲ್ಟ್ ಅಷ್ಟರಲ್ಲಿ ಲಂಡನ್ನಿನಲ್ಲೇ ಕೆಲವು ವರ್ಷ ಕಾರ್ಖಾನೆ ನಡೆಸಿದ್ದ. ಇಂದು ಇಟಲಿಯವರು ಪಡಿಯಚ್ಚು ಮಾಡುವ ಅದೇ ರಿವಾಲ್ವರ್. ಅದೇ ವರ್ಷ ಸರ್ಕಾರ ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದಿತು. ಮುಧೋಳದ ಹತ್ತಿರದ ಹಲಗಲಿಯ ಬೇಡರು ಆಯುಧ ಕೊಡುವುದಿಲ್ಲ ಎಂದು ನಿಂತರು. ಊರಿಗೆ ಬೆಂಕಿ ಬಿತ್ತು, ಹಿಡಿದವರನ್ನು ಗಲ್ಲಿಗೇರಿಸಿದರು. ಕೊಡವರಿಗೆ ಮಾತ್ರ 1861ರಲ್ಲಿ ವಿನಾಯಿತಿ ಸಿಕ್ಕಿತು. ಅದು ಇವತ್ತಿಗೂ ಮುಂದುವರಿದಿದೆ, ಕೈಲ್ ಪೊಳ್ದಿನಲ್ಲಿ ಕೋವಿಗೆ ಹೂ ಮುಡಿಸುತ್ತಾರೆ. 1878ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ಆಯುಧ ಕಾಯ್ದೆ ಬಂತು. ಲೈಸೆನ್ಸ್ ಇಲ್ಲದೆ ಆಯುಧ ಮಾಡುವಂತಿಲ್ಲ, ಮಾರುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ.

ಗಾರ್ದೋನೆಯಲ್ಲಿ ಅದೇ ಶತಮಾನದಲ್ಲಿ ಅಪ್ಪ ಮಗನಿಗೆ ನಳಿಗೆ ಕೊರೆಯುವುದನ್ನು ಹೇಳಿಕೊಡುತ್ತಿದ್ದ. ನಮ್ಮಲ್ಲಿ ಆ ಸರಪಳಿ ತುಂಡಾಯಿತು.

ನೇಗಿಲಿನಿಂದ ಲೇತಿಗೆ

ಆದರೆ ಕಬ್ಬಿಣದ ಕೈ ಇನ್ನೊಂದು ದಾರಿಯಿಂದ ಹರಿಹರಕ್ಕೆ ಬಂತು. ಆ ದಾರಿ ನೇಗಿಲಿನದು.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದರು. ಕಬ್ಬಿಣ ತಗುಲಿದರೆ ನೆಲಕ್ಕೆ ವಿಷ ಎಂದು ರೈತರು ಮೊದಲು ಮುಟ್ಟಲಿಲ್ಲ. ಮೊದಲ ನೇಗಿಲುಗಳು ಮಾರಾಟವಾಗಲು ಸುಮಾರು 2 ವರ್ಷ ಹಿಡಿಯಿತು. ಬೆಳಗಾವಿಯಲ್ಲಿ ಜಾಗ ಬಿಡಬೇಕಾಗಿ ಬಂದಾಗ ಔಂಧ್ ಸಂಸ್ಥಾನದ ರಾಜರು ಜಾಗ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು.

1941ರಲ್ಲಿ, ಎರಡನೇ ಮಹಾಯುದ್ಧದ ನಡುವೆ, ಅದೇ ಮನೆತನ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಕಟ್ಟಿತು. ಆಗ ಹರಿಹರ ಮೈಸೂರು ಸಂಸ್ಥಾನದ ಗಡಿ, ತುಂಗಭದ್ರೆ ದಾಟಿದರೆ ಮುಂಬಯಿ ಪ್ರಾಂತ್ಯ. ರೈಲಿತ್ತು, 1868ರಲ್ಲಿ ಕಟ್ಟಿದ ಸೇತುವೆ ಇತ್ತು, ಹೊಳೆಯ ನೀರಿತ್ತು. ಮೇಲ್ಗಡೆ ಭದ್ರಾವತಿಯಲ್ಲಿ 1923ರಿಂದ ಕಬ್ಬಿಣದ ಕಾರ್ಖಾನೆ ನಡೆದಿತ್ತು. ಅಲ್ಲಿ ಅದಿರು, ಇದ್ದಿಲು, ಮೆಲ್ಲಾ ಹೊಳೆ. ಇಲ್ಲಿ ಭದ್ರಾವತಿಯ ಕಬ್ಬಿಣ, ತುಂಗಭದ್ರೆ.

ಹರಿಹರದಲ್ಲಿ ತಯಾರಾದದ್ದು ಲೇತ್. ಯಂತ್ರ ಮಾಡುವ ಯಂತ್ರ. ಬಂದೂಕಿನ ನಳಿಗೆಯಿಂದ ಪಂಪಿನ ಶಾಫ್ಟಿನವರೆಗೆ ದುಂಡಗಿರುವುದೆಲ್ಲ ಹುಟ್ಟುವುದು ಅದರ ಮೇಲೆ. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಎಂಬ ಹೆಸರಿನ ಹರಿಹರದ ಲೇತ್‌ಗಳು ದೇಶದ ವರ್ಕ್‌ಶಾಪುಗಳಿಗೆ, ಐಟಿಐಗಳಿಗೆ ಹೋದವು. ಕಾರ್ಮಿಕರ ಬಡಾವಣೆಗೆ ಯಂತ್ರಪುರ ಎಂದೇ ಹೆಸರು. 1953ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಂಟಿ ಶುರುವಾದಾಗ ಅದೂ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ ಲೇತ್ ಮಾಡುವುದನ್ನು ಕಲಿಯಿತು. ಕಾನ್ಪುರದ ಸರ್ಕಾರಿ ಕಾರ್ಖಾನೆ ಈಗ ಲೈಸೆನ್ಸ್‌ದಾರರಿಗೆ ಮಾರುವ .32 ರಿವಾಲ್ವರ್ ಕೂಡ ಇಂಗ್ಲೆಂಡಿನ ವೆಬ್ಲಿ ಮಾದರಿಯ ವಂಶದ್ದೇ. ಯಾರ ಕೈಯೂ ಹುಟ್ಟಿದಾಗಲೇ ಪಳಗಿರುವುದಿಲ್ಲ. ನೋಡಿ ಮಾಡಬೇಕು, ಮಾಡಿ ಕಲಿಯಬೇಕು.

2000ರ ಆಸುಪಾಸಿನಲ್ಲಿ ಮೈಸೂರು ಕಿರ್ಲೋಸ್ಕರ್ ಬಾಗಿಲು ಹಾಕಿತು. ಕಂಪ್ಯೂಟರ್ ನಡೆಸುವ ಯಂತ್ರಗಳು ಬಂದಿದ್ದವು, ಹೊರದೇಶದ ಮಾಲು ಬಂದಿತ್ತು, ಕಂಪನಿಯ ಸಾಲವಿತ್ತು. ಲೇತಿನ ಮೇಲೆ ಒಂದು ಕೂದಲೆಳೆಯ ಅಳತೆಯನ್ನು ಶಬ್ದ ಕೇಳಿಯೇ ಹೇಳಬಲ್ಲ ಕೈಗಳು ಮನೆಗೆ ಹೋದವು.

ಅವರದು ಉಳಿಯಿತು, ನಮ್ಮದು?

ಕಂಪ್ಯೂಟರ್ ಯಂತ್ರ ಗಾರ್ದೋನೆಗೂ ಬಂತು. ಅಲ್ಲಿಯೂ ಈಗ ಫ್ರೇಮು, ಸಿಲಿಂಡರು ಕೊರೆಯುವುದು ಅವೇ. ಆದರೆ ಹಿಡಿಯ ಕೊನೆಯ ಉಜ್ಜು, ಸ್ಕ್ರೂಗಳ ಹೊಂದಾಣಿಕೆ, ಮರದ ನಯ ಇವುಗಳಿಗೆ ಕೈ ಬೇಕು. ಆ ಕೈಗೆ ಕೆಲಸ ಕೊಡುವ ಗಿರಾಕಿ ದೂರದ ಅಮೆರಿಕದಲ್ಲಿದ್ದಾನೆ. ಪರೀಕ್ಷೆಯ ಕೇಂದ್ರ ಊರಿನಲ್ಲೇ ಇದೆ. ಕಲಿತವನು ಹೊರಬಂದು ತನ್ನದೇ ಸಣ್ಣ ಕಾರ್ಖಾನೆ ತೆರೆದರೆ ಪಕ್ಕದ ಮನೆಯಲ್ಲೇ ಸ್ಪ್ರಿಂಗ್ ಮಾಡುವವರು, ಮರ ಕೆತ್ತುವವರು ಸಿಗುತ್ತಾರೆ. ಅಲ್ಲಿ ಕಸುಬು ಒಂದು ಕಂಪನಿಯ ಕಾಂಪೌಂಡಿನೊಳಗೆ ಕೂತಿರಲಿಲ್ಲ, ಇಡೀ ಕಣಿವೆಯಲ್ಲಿ ಹರಡಿತ್ತು. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆದಿರುತ್ತಿತ್ತು. ಹರಿಹರದಲ್ಲಿ ದೊಡ್ಡ ಬಾಗಿಲು ಒಂದೇ ಇತ್ತು. ಅದು ಮುಚ್ಚಿದಾಗ ಊರೇ ಹೊರಗೆ ನಿಂತಿತು.

ಹರಿಹರ ಬಂದೂಕು ಮಾಡಬೇಕಿತ್ತು ಎಂದು ನಾವು ಹೇಳುತ್ತಿಲ್ಲ. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ, ಯಾಕೆಂದರೆ ನಮ್ಮ ಹುಡುಗರು ಫೋನಿನಲ್ಲಿ ಇಂಥ ರಿವಾಲ್ವರ್‌ಗಳ ವಿಡಿಯೋ ನೋಡುತ್ತಾರೆ. ಪಡಿಯಚ್ಚು ಎಂದ ಮಾತ್ರಕ್ಕೆ ಅದು ಆಟಿಕೆಯಲ್ಲ. ಇಟಲಿಯ ಈ ರಿವಾಲ್ವರ್ ನಿಜವಾದ ಗುಂಡು ಹಾರಿಸುತ್ತದೆ, ನಿಜವಾಗಿ ಕೊಲ್ಲುತ್ತದೆ. ನಮ್ಮಲ್ಲಿ 1959ರ ಆಯುಧ ಕಾಯ್ದೆ ಇದೆ. ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಆಟಿಕೆಯಂಥ ಬಂದೂಕನ್ನು ನಿಜವಾದ ಬಂದೂಕಾಗಿ ಬದಲಿಸುವುದಕ್ಕೂ ಅದರ 6ನೇ ಸೆಕ್ಷನ್ನಿನಲ್ಲಿ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದೆ ತಯಾರಿಸಿದರೆ, ಮಾರಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆ. ಹಂದಿ ಕಾಟಕ್ಕೆ ಬೆಳೆ ಕಾಯುವ ರೈತರಿಗೆ ಅದೇ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಮದ್ದು ತುಂಬುವ ಬಂದೂಕಿನ ಲೈಸೆನ್ಸಿಗೆ ದಾರಿ ಇದೆ. ಬೇಕಾದವರು ಅರ್ಜಿ ಹಾಕುವ ದಾರಿ ಹಿಡಿಯಲಿ, ಲೇತಿನ ದಾರಿ ಬೇಡ. ಚುನಾವಣೆ ಬಂದಾಗ ಲೈಸೆನ್ಸಿನ ಕೋವಿಯನ್ನೂ ಠಾಣೆಗೆ ಒಪ್ಪಿಸುವ ಆದೇಶ ಬರುವುದು ನಿಮಗೆ ಗೊತ್ತೇ ಇದೆ.

ನಮ್ಮ ಮಾತು ಕೈಯ ಬಗ್ಗೆ. ಗಾರ್ದೋನೆಯವರು ಹಳೆಯ ರಿವಾಲ್ವರ್‌ನ ಹಿಡಿಯಲ್ಲಿ ತಮ್ಮ ಕಸುಬು ಉಳಿಸಿಕೊಂಡರು. ನಮಗೆ ಆ ವಸ್ತುವೇ ಬೇಕಿಲ್ಲ. ಕೂರಿಗೆಯ ತಾಳು, ಕುಂಟೆಯ ಕುಡ, ಅಡಿಕೆ ಸುಲಿಯುವ ಯಂತ್ರದ ಬ್ಲೇಡು, ನಿಂತುಹೋದ ಕಂಪನಿಯ ಪಂಪಿನ ಬಿಡಿಭಾಗ. ಚನ್ನಗಿರಿ, ಹೊನ್ನಾಳಿ, ಜಗಳೂರಿನ ರೈತರು ಇಂಥವಕ್ಕೆ ದಿನವೂ ಅಲೆಯುತ್ತಾರೆ. ಹಳೆಯದನ್ನು ಅಳೆದು, ಹೊಸದನ್ನು ಅದರಂತೆ ಮಾಡಿ, ತನ್ನ ಹೆಸರು ಹೊಡೆದು, ಮುರಿದರೆ ನಾನು ಜವಾಬ್ದಾರ ಎನ್ನುವ ಸಣ್ಣ ವರ್ಕ್‌ಶಾಪುಗಳು ಹತ್ತಾರು ಇದ್ದರೆ ಅದೂ ಒಂದು ಕಣಿವೆಯೇ.

ಯಂತ್ರಪುರದಲ್ಲಿ ಕೆಲಸ ಮಾಡಿ ನಿವೃತ್ತರಾದ ಟರ್ನರ್, ಫಿಟ್ಟರ್‌ಗಳು ಹರಿಹರದಲ್ಲೂ ದಾವಣಗೆರೆಯಲ್ಲೂ ಈಗಲೂ ಇದ್ದಾರೆ. ಎಪ್ಪತ್ತು ದಾಟಿದವರೇ ಹೆಚ್ಚು. ನಿಮ್ಮ ಮನೆಯಲ್ಲಿ ಐಟಿಐ ಓದುವ ಮಗನೋ ಮಗಳೋ ಇದ್ದರೆ ಅವರ ಹತ್ತಿರ ಒಮ್ಮೆ ಕಳಿಸಿ. ಥ್ರೆಡ್ ಹೇಗೆ ಅಳೆಯಬೇಕು, ಅರ ಹೇಗೆ ಹಿಡಿಯಬೇಕು ಎಂದು ಕೇಳಿಕೊಂಡು ಬರಲಿ. ಆ ಕೈಗಳು ಇನ್ನೂ ಕಲಿಸಬಲ್ಲವು.